ಪ್ರಳಯದ ಹೆಸರಿನಲ್ಲಿ ಬಂಡೆಗಳ ಸಾಕ್ಷ್ಯವನ್ನು ಮುಳುಗಿಸದಿರೋಣ

ಹಿಮಾಲಯದ ನೆತ್ತಿಯ ಮೇಲೆ ಕಡಲಜೀವಿಗಳ ಪಳೆಯುಳಿಕೆಗಳಿವೆ. ಕಡಲು ಅಷ್ಟು ಎತ್ತರಕ್ಕೆ ಏರಿತ್ತೆಂಬುದಕ್ಕೆ ಇನ್ನೇನು ಪುರಾವೆ ಬೇಕು? ಆದ್ದರಿಂದ ಪ್ರವಾದಿ ನೂಹ್(ಅ)ರ ಕಾಲದ ಪ್ರಳಯವು ಇಡೀ ಭೂಗೋಳವನ್ನು ಮುಳುಗಿಸಿತ್ತು. ಭೂಮಿಯ ಎಲ್ಲ ಶಿಲಾಪದರಗಳೂ ಎಲ್ಲ ಪಳೆಯುಳಿಕೆಗಳೂ ಆ ಒಂದೇ ವರ್ಷದಲ್ಲಿ ಉಂಟಾದವು. ಕೋಟಿಗಟ್ಟಲೆ ವರ್ಷಗಳ ಲೆಕ್ಕವೆಲ್ಲ ನಾಸ್ತಿಕರ ಕಟ್ಟುಕತೆ. ಈ ಧಾಟಿಯ ವಾದವು ಇಂದು ನಮ್ಮ ಮನೆಗಳ ಮೊಬೈಲುಗಳಲ್ಲಿ ನಿರಾತಂಕವಾಗಿ ಸಂಚರಿಸುತ್ತಿದೆ. ಕೇಳುವವರ ಕಣ್ಣು ತೇವಗೊಳ್ಳುತ್ತದೆ, 'ಸುಬ್‌ಹಾನಲ್ಲಾಹ್' ಎಂಬ ಉದ್ಗಾರ ಹೊರಡುತ್ತದೆ, ಸಂದೇಶವು ಮುಂದಿನ ಗುಂಪಿಗೆ ರವಾನೆಯಾಗುತ್ತದೆ. ವಾದವು ಸರಿಯೇ, ಅದು ಎಲ್ಲಿಂದ ಬಂತು, ಪವಿತ್ರ ಕುರ್‌ಆನಿಗೂ ಅದಕ್ಕೂ ಇರುವ ಸಂಬಂಧವೇನು ಎಂದು ಕೇಳುವವರು ವಿರಳ.

ನಾವು ಇಲ್ಲಿ ಕೇಳಲು ಹೊರಟಿರುವುದು ಈ ಮೂರು ಪ್ರಶ್ನೆಗಳನ್ನೇ. ನೂಹ್(ಅ)ರ ವೃತ್ತಾಂತವು ಸತ್ಯವೆಂಬುದು ನಮ್ಮ ಈಮಾನಿನ ಭಾಗ. ಅದರಲ್ಲಿ ನಮಗೆ ಲವಲೇಶದ ಸಂಶಯವೂ ಇಲ್ಲ. ಆದರೆ ಆ ವೃತ್ತಾಂತಕ್ಕೆ ಹೊರಗಿನಿಂದ ತಂದು ಅಂಟಿಸಲಾದ ಹುಸಿ ಭೂವಿಜ್ಞಾನವು ನಮ್ಮ ಈಮಾನಿನ ಭಾಗವಲ್ಲ. ಇವೆರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ಮಕ್ಕಳ ಮುಂದೆ ಹಿಡಿಯುವುದು ಧರ್ಮದ ಸೇವೆಯಲ್ಲ ಎಂಬುದೇ ನಮ್ಮ ವಾದ.

ಈ ಸರಕು ಯಾರದು?

ಪ್ರಳಯವೇ ಎಲ್ಲ ಶಿಲೆಗಳನ್ನು ನಿರ್ಮಿಸಿತೆಂಬ ಇಂದಿನ ಸಿದ್ಧಾಂತವು ಬಗ್ದಾದಿನಲ್ಲಾಗಲಿ, ಕೈರೋದಲ್ಲಾಗಲಿ, ದೇವಬಂದ್‌ನಲ್ಲಾಗಲಿ ಹುಟ್ಟಿದ್ದಲ್ಲ. ಅದರ ತವರು ಅಮೆರಿಕ. ಜಾರ್ಜ್ ಮೆಕ್ರೆಡಿ ಪ್ರೈಸ್ ಎಂಬ ಅಡ್ವೆಂಟಿಸ್ಟ್ ಕ್ರೈಸ್ತ ಲೇಖಕ 1923ರಲ್ಲಿ 'ದ ನ್ಯೂ ಜಿಯಾಲಜಿ' ಎಂಬ ಗ್ರಂಥವನ್ನು ಪ್ರಕಟಿಸಿದನು. ಭೂವಿಜ್ಞಾನದಲ್ಲಿ ಆತನಿಗೆ ಕ್ರಮಬದ್ಧ ಶಿಕ್ಷಣವಿರಲಿಲ್ಲ. 1961ರಲ್ಲಿ ಹಳೆಯ ಒಡಂಬಡಿಕೆಯ ಪಂಡಿತ ಜಾನ್ ವಿಟ್‌ಕಾಂಬ್ ಮತ್ತು ಜಲಶಾಸ್ತ್ರದ ಇಂಜಿನಿಯರ್ ಹೆನ್ರಿ ಮಾರಿಸ್ ಸೇರಿ ಅದೇ ವಿಚಾರಕ್ಕೆ 'ದ ಜೆನೆಸಿಸ್ ಫ್ಲಡ್' ಎಂಬ ಗ್ರಂಥದ ಮೂಲಕ ಹೊಸ ಜೀವ ಕೊಟ್ಟರು. ಮಾರಿಸ್ ಸ್ಥಾಪಿಸಿದ ಸಂಸ್ಥೆಯು ಆ ವಾದವನ್ನು ಜಗತ್ತಿನಾದ್ಯಂತ ಹರಡಿತು. 2016ರಲ್ಲಿ ಕೆಂಟಕಿ ರಾಜ್ಯದಲ್ಲಿ 510 ಅಡಿ ಉದ್ದದ ಮರದ ನಾವೆಯನ್ನೇ ಕಟ್ಟಿ, ಟಿಕೇಟು ಕೊಟ್ಟು ಒಳಗೆ ಬಿಡುವ ಪ್ರದರ್ಶನವೂ ಆರಂಭವಾಯಿತು. 1980ರ ದಶಕದಲ್ಲಿ ಟರ್ಕಿಯ ಮೂಲಕ ಈ ಅಮೆರಿಕನ್ ಸಾಹಿತ್ಯವು ಮುಸ್ಲಿಮ್ ಜಗತ್ತಿಗೆ ದಾಟಿತು. ಭಾಷೆಯಿಂದ ಭಾಷೆಗೆ ಇಳಿಯುತ್ತ ಕೊನೆಗೆ ಕನ್ನಡಕ್ಕೂ ಬಂದಿತು. ದಾಟುವಾಗ ಬೈಬಲಿನ ಉಲ್ಲೇಖಗಳು ಉದುರಿಹೋದವು, ಕುರ್‌ಆನಿನ ಉಲ್ಲೇಖಗಳು ಅಂಟಿಕೊಂಡವು. ಒಳಗಿನ ಸರಕು ಮಾತ್ರ ಅದೇ.

ಈ ಸರಕಿನ ಬುನಾದಿಯಲ್ಲಿರುವುದು ಒಂದು ಕಾಲಗಣನೆ. ಐರ್ಲೆಂಡಿನ ಆರ್ಚ್‌ಬಿಷಪ್ ಜೇಮ್ಸ್ ಅಶರ್ 1650ರಲ್ಲಿ ಬೈಬಲಿನ ವಂಶಾವಳಿಗಳನ್ನು ಕೂಡಿಸಿ ಸೃಷ್ಟಿಯು ಕ್ರಿ.ಪೂ. 4004ರಲ್ಲಿ ಆಯಿತೆಂದು ಲೆಕ್ಕ ಹಾಕಿದನು. ಅದರ ಪ್ರಕಾರ ಪ್ರಳಯವು ಕ್ರಿ.ಪೂ. 2350ರ ಆಸುಪಾಸಿಗೆ ಬರುತ್ತದೆ. ಆ ಹೊತ್ತಿಗೆ ಗೀಝಾದ ಮಹಾ ಪಿರಮಿಡ್ ಕಟ್ಟಿ ಮುಗಿದು ಸುಮಾರು ಇನ್ನೂರು ವರ್ಷಗಳಾಗಿದ್ದವು! ಈಜಿಪ್ಟಿನ ರಾಜವಂಶಗಳು ಆ ಕಾಲದಲ್ಲಿ ಎಡೆಬಿಡದೆ ಆಳುತ್ತಿದ್ದವು, ಬರೆಯುತ್ತಿದ್ದವು, ತೆರಿಗೆ ವಸೂಲು ಮಾಡುತ್ತಿದ್ದವು. ಕುರ್‌ಆನಿನಲ್ಲಿ ಸೃಷ್ಟಿಯ ಇಸವಿಯಿಲ್ಲ, ಪ್ರಳಯದ ಇಸವಿಯಿಲ್ಲ, ಭೂಮಿಯ ವಯಸ್ಸಿನ ಲೆಕ್ಕವಿಲ್ಲ. ಅಲ್ಲಾಹನ ಬಳಿಯ ಒಂದು ದಿನವು ನಮ್ಮ ಎಣಿಕೆಯ ಸಾವಿರ ವರ್ಷಗಳಂತೆ ಎಂದು ಒಂದೆಡೆ (ಅಲ್ ಹಜ್ಜ್: 47), ಐವತ್ತು ಸಾವಿರ ವರ್ಷಗಳ ದಿನದ ಪ್ರಸ್ತಾಪ ಇನ್ನೊಂದೆಡೆ (ಅಲ್ ಮಆರಿಜ್: 4). ಅಶರನ ಪಂಚಾಂಗವನ್ನು ಸಮರ್ಥಿಸುವ ಭಾರವನ್ನು ಅಲ್ಲಾಹನು ನಮ್ಮ ಮೇಲೆ ಹೊರಿಸಿಲ್ಲ. ನಾವಾಗಿಯೇ ಅದನ್ನು ಹೊತ್ತುಕೊಳ್ಳುವುದೇಕೆ?

ಕುರ್‌ಆನ್ ಹೇಳಿದ್ದೇನು, ಹೇಳದಿರುವುದೇನು?

ನೂಹ್(ಅ)ರನ್ನು ಅವರ ಜನಾಂಗದೆಡೆಗೆ ಕಳುಹಿಸಲಾಯಿತು (ನೂಹ್: 1). ಅವರು ಐವತ್ತು ಕಡಿಮೆ ಸಾವಿರ ವರ್ಷಗಳ ಕಾಲ ಆ ಜನರ ನಡುವೆ ಇದ್ದರು (ಅಲ್ ಅನ್‌ಕಬೂತ್: 14). ಜನರು ಅಪಹಾಸ್ಯ ಮಾಡಿದರು, ಧಿಕ್ಕರಿಸಿದರು. ಕೊನೆಗೆ ಪ್ರಳಯ ಬಂದಿತು, ನಾವೆಯು ಜೂದೀ ಎಂಬಲ್ಲಿ ನಿಂತಿತು (ಹೂದ್: 44). ಪ್ರಳಯವು ಭೂಮಿಯಿಡೀ ಹರಡಿತ್ತೇ ಅಥವಾ ಆ ಜನಾಂಗದ ನಾಡಿಗೆ ಸೀಮಿತವಾಗಿತ್ತೇ ಎಂಬ ಬಗ್ಗೆ ವ್ಯಾಖ್ಯಾನಕಾರರಲ್ಲಿ ಎರಡೂ ಅಭಿಪ್ರಾಯಗಳಿವೆ. ಭೂಮಿಯಿಡೀ ಎಂದವರು ಗೌರವಾನ್ವಿತ ವಿದ್ವಾಂಸರೇ. ಆ ಚರ್ಚೆಯನ್ನು ತೀರ್ಮಾನಿಸಲು ನಾವು ಇಲ್ಲಿ ಹೊರಟಿಲ್ಲ. ನಾವು ಗಮನಕ್ಕೆ ತರಬಯಸುವುದು ಬೇರೊಂದು ಸಂಗತಿ. ಪ್ರಳಯದ ನೀರು ಬೆಟ್ಟಗಳನ್ನು ನಿರ್ಮಿಸಿತೆಂದು, ಶಿಲಾಪದರಗಳನ್ನು ಹಾಸಿತೆಂದು, ಜಗತ್ತಿನ ಎಲ್ಲ ಪಳೆಯುಳಿಕೆಗಳನ್ನು ಹೂತಿತೆಂದು ಕುರ್‌ಆನಿನ ಯಾವ ಸೂಕ್ತವೂ ಹೇಳುವುದಿಲ್ಲ.

ಇನ್ನೂ ಒಂದು ಹೆಜ್ಜೆ ಮುಂದೆ ಹೋಗೋಣ. ಎವರೆಸ್ಟನ್ನು ಮುಳುಗಿಸುವಷ್ಟು ನೀರು ಎಲ್ಲಿತ್ತೆಂದು ಕೇಳಿದಾಗ ಪ್ರಳಯವಾದಿಗಳು ಕೊಡುವ ಉತ್ತರ ಇದು: ಪ್ರಳಯಕ್ಕೆ ಮುಂಚೆ ಎತ್ತರದ ಪರ್ವತಗಳೇ ಇರಲಿಲ್ಲ, ಅವು ಎದ್ದದ್ದು ಪ್ರಳಯದ ಕೊನೆಯಲ್ಲಿ. ಈ ಉತ್ತರ ಅವರಿಗೆ ಅನಿವಾರ್ಯ. ಎವರೆಸ್ಟಿನ ಎತ್ತರ 8,849 ಮೀಟರ್. ಅದನ್ನು ಮುಚ್ಚಬೇಕಾದರೆ ಇಂದಿನ ಸಮುದ್ರಮಟ್ಟದ ಮೇಲೆ ಸುಮಾರು 440 ಕೋಟಿ ಘನ ಕಿಲೋಮೀಟರ್ ಹೆಚ್ಚುವರಿ ನೀರು ಬೇಕು. ಭೂಮಿಯ ಮೇಲಿರುವ ನೀರೆಲ್ಲ ಸೇರಿ ಸುಮಾರು 138 ಕೋಟಿ ಘನ ಕಿಲೋಮೀಟರ್ ಮಾತ್ರ. ಆದ್ದರಿಂದ ಅವರು ಪರ್ವತಗಳನ್ನು ತಗ್ಗಿಸಲೇಬೇಕು. ಆದರೆ ಸೂರಃ ಹೂದನ್ನು ತೆರೆದು ನೋಡಿ. ನೀರು ಏರುತ್ತಿರುವಾಗ ನೂಹ್(ಅ)ರು ತಮ್ಮ ಪುತ್ರನನ್ನು ಕರೆಯುತ್ತಾರೆ. ಅವನು ತಾನು ಒಂದು ಪರ್ವತವನ್ನು ಆಶ್ರಯಿಸಿ ನೀರಿನಿಂದ ಪಾರಾಗುವೆನೆನ್ನುತ್ತಾನೆ (ಹೂದ್: 42-43). ಅಂದರೆ ಪ್ರಳಯ ಬಂದಾಗಲೇ ಅಲ್ಲಿ ಪರ್ವತವಿತ್ತು. ಹತ್ತಿದರೆ ಬದುಕಬಹುದೆಂಬ ಭರವಸೆಯನ್ನು ಒಬ್ಬ ಯುವಕನಲ್ಲಿ ಹುಟ್ಟಿಸುವಷ್ಟು ಎತ್ತರದ ಪರ್ವತವೇ ಇತ್ತು. ಪ್ರಳಯವೇ ಪರ್ವತಗಳನ್ನು ಎಬ್ಬಿಸಿತೆಂಬ ಸಿದ್ಧಾಂತವನ್ನು ಕುರ್‌ಆನಿನ ರಕ್ಷಣೆಗೆಂದು ತಂದವರು ಕುರ್‌ಆನಿನ ವೃತ್ತಾಂತದೊಂದಿಗೇ ಅದನ್ನು ಹೋಲಿಸಿ ನೋಡಲಿಲ್ಲ.

ನಮ್ಮ ಹಿರಿಯರು ಬೆಟ್ಟಗಳನ್ನು ಹೇಗೆ ಓದಿದರು?

ಬೆಟ್ಟದ ಕಲ್ಲಿನೊಳಗೆ ಕಡಲ ಚಿಪ್ಪು ಇರುವುದನ್ನು ಮೊದಲು ಕಂಡವರು ಆಧುನಿಕ ಯುರೋಪಿನವರೇನಲ್ಲ. ಸುಮಾರು ಸಾವಿರ ವರ್ಷಗಳ ಹಿಂದೆ ಇಬ್ನ್ ಸೀನಾ ತಮ್ಮ 'ಕಿತಾಬುಶ್ಶಿಫಾ'ದಲ್ಲಿ ಈ ಪ್ರಶ್ನೆಯನ್ನು ಎತ್ತಿಕೊಂಡರು. ಪರ್ವತಗಳು ಎರಡು ವಿಧದಲ್ಲಿ ಉಂಟಾಗಬಲ್ಲವೆಂದು ಅವರು ಬರೆದರು: ಭೂಕಂಪದಂಥ ಶಕ್ತಿಯಿಂದ ನೆಲವು ಮೇಲೇಳುವುದರಿಂದ, ಇಲ್ಲವೇ ನೀರು ಮೆದು ಭಾಗವನ್ನು ಕೊರೆದು ಗಟ್ಟಿ ಭಾಗವನ್ನು ಉಳಿಸುವುದರಿಂದ. ಇದಕ್ಕೆ ಸುದೀರ್ಘ ಕಾಲ ಬೇಕೆಂದರು. ಕಲ್ಲಿನಲ್ಲಿ ಜಲಚರಗಳ ಅವಶೇಷಗಳು ಸಿಗುವುದು ಆ ನೆಲವು ಒಮ್ಮೆ ನೀರಿನಡಿಯಲ್ಲಿದ್ದುದಕ್ಕೆ ಗುರುತೆಂದರು. ಬಾಲ್ಯದಲ್ಲಿ ಜೈಹೂನ್ ನದಿಯ ದಡದಲ್ಲಿ ಕಂಡ ಜೇಡಿಮಣ್ಣು ಸುಮಾರು 23 ವರ್ಷಗಳ ಬಳಿಕ ಮೆದುಗಲ್ಲಾಗಿ ಮಾರ್ಪಟ್ಟಿದ್ದನ್ನು ಸ್ವತಃ ದಾಖಲಿಸಿದರು. ಈ ಭಾಗವು ಲ್ಯಾಟಿನಿಗೆ ಅನುವಾದಗೊಂಡು, ಯುರೋಪಿನಲ್ಲಿ ಬಹುಕಾಲ ಅರಿಸ್ಟಾಟಲನ ಬರಹವೆಂದೇ ಓದಲ್ಪಟ್ಟಿತು.

ಅವರ ಸಮಕಾಲೀನರಾದ ಅಲ್ ಬಿರೂನಿ ನಮ್ಮ ನಾಡನ್ನೇ ನೋಡಿ ಬರೆದರು. ಉತ್ತರ ಭಾರತದ ನದಿಗಳಲ್ಲಿ ಬೆಟ್ಟದ ಬುಡದ ಕಲ್ಲುಗಳು ದೊಡ್ಡವು, ದೂರ ಹೋದಂತೆ ಸಣ್ಣವು, ನದೀಮುಖದ ಬಳಿ ಕೇವಲ ಮರಳು. ಇದರಿಂದ ಅವರು, ಈ ಬಯಲು ಒಮ್ಮೆ ಸಮುದ್ರವಾಗಿತ್ತು, ನದಿಗಳು ತಂದ ಹೂಳು ನಿಧಾನವಾಗಿ ಅದನ್ನು ತುಂಬಿತು ಎಂಬ ತೀರ್ಮಾನಕ್ಕೆ ಬಂದರು. ಅರೇಬಿಯಾದ ಮರುಭೂಮಿಯೂ ಹಿಂದೆ ಕಡಲಾಗಿತ್ತೆಂದು ಅಲ್ಲಿನ ಕಲ್ಲುಗಳೊಳಗಿನ ಚಿಪ್ಪುಗಳ ಆಧಾರದಿಂದ ಬರೆದರು. ನೂಹ್(ಅ)ರ ವೃತ್ತಾಂತ ಇವರಿಬ್ಬರಿಗೂ ತಿಳಿದಿತ್ತು. ಆದರೂ ಚಿಪ್ಪು ಕಂಡ ಕೂಡಲೇ ಪ್ರಳಯವೆಂದು ಕೂಗಿ ಅವರು ವಿಚಾರಣೆಯನ್ನು ನಿಲ್ಲಿಸಲಿಲ್ಲ. ಕಲ್ಲಿನ ಗಾತ್ರ ಅಳೆದರು, ಪದರ ಗಮನಿಸಿದರು, ನದಿಯ ಕೆಲಸವನ್ನು ನೋಡಿದರು. ಭೂಮಿಯಲ್ಲಿ ಸಂಚರಿಸಿ ಸೃಷ್ಟಿಯು ಹೇಗೆ ಆರಂಭವಾಯಿತೆಂದು ನೋಡಿರೆಂಬ ಆದೇಶ (ಅಲ್ ಅನ್‌ಕಬೂತ್: 20) ಇರುವ ಸಮುದಾಯಕ್ಕೆ ಸಲ್ಲುವ ನಡವಳಿಕೆ ಅದು. ಇಂಥ ಪರಂಪರೆಯಿರುವವರು ಇಂದು ಅಮೆರಿಕದ ಪ್ರಚಾರ ಪುಸ್ತಿಕೆಗಳಿಂದ ಭೂವಿಜ್ಞಾನ ಕಲಿಯುವುದು ಎಂಥ ವಿಪರ್ಯಾಸ!

ಬಂಡೆಗಳ ಸಾಕ್ಷ್ಯ

ಈಗ ಸಾಕ್ಷ್ಯಕ್ಕೆ ಬರೋಣ. ಎವರೆಸ್ಟಿನ ತುದಿಯ ಬಂಡೆಯು ಸುಣ್ಣಕಲ್ಲು. ಅದರಲ್ಲಿ ಕಡಲಜೀವಿಗಳ ಅವಶೇಷಗಳಿವೆ ಎಂಬುದು ನಿಜ. ಆದರೆ ಆ ಅವಶೇಷಗಳು ಪ್ರವಾಹವೊಂದು ಬೆಟ್ಟದ ಮೇಲೆ ಬಿಟ್ಟುಹೋದ ಕಸದಂತೆ ಮೇಲ್ಮೈಯಲ್ಲಿ ಬಿದ್ದಿಲ್ಲ. ಅವು ಬಂಡೆಯ ಒಡಲೊಳಗೇ ಇವೆ. ಬಂಡೆಯೇ ಕಡಲತಳದಲ್ಲಿ ಅಂಥ ಜೀವಿಗಳ ಚಿಪ್ಪು ಸಂಚಯವಾಗಿ ಉಂಟಾದದ್ದು, ಅದೂ 40 ಕೋಟಿ ವರ್ಷಗಳಿಗೂ ಹಿಂದೆ. ನೀರು ಬೆಟ್ಟದ ಮೇಲಕ್ಕೆ ಹೋದದ್ದಲ್ಲ, ಕಡಲತಳವೇ ಬೆಟ್ಟವಾಗಿ ಎದ್ದದ್ದು. ಭಾರತದ ಭೂಫಲಕವು ಉತ್ತರಕ್ಕೆ ಸರಿಯುತ್ತ ಸುಮಾರು 5 ಕೋಟಿ ವರ್ಷಗಳ ಹಿಂದೆ ಏಷ್ಯಾಕ್ಕೆ ಡಿಕ್ಕಿ ಹೊಡೆಯಿತು. ನಡುವಣ ಟೆಥಿಸ್ ಸಮುದ್ರದ ತಳವು ಜಮಖಾನೆಯಂತೆ ಮಡಚಿ ಮೇಲೆದ್ದಿತು. ಈ ಚಲನೆ ಇಂದಿಗೂ ನಿಂತಿಲ್ಲ. ಭಾರತವು ವರ್ಷಕ್ಕೆ ಸುಮಾರು 5 ಸೆಂಟಿಮೀಟರ್ ಸರಿಯುತ್ತಿರುವುದನ್ನು ಉಪಗ್ರಹ ಸಾಧನಗಳು ಅಳೆಯುತ್ತಿವೆ. ವರ್ಷಕ್ಕೆ ಕೇವಲ 5 ಮಿಲಿಮೀಟರ್ ಏರಿದರೂ 10 ಲಕ್ಷ ವರ್ಷಗಳಲ್ಲಿ ಅದು 5 ಕಿಲೋಮೀಟರ್ ಆಗುತ್ತದೆ. ಸವೆತವು ಅದರಲ್ಲಿ ಬಹುಪಾಲನ್ನು ತಿಂದರೂ ಹಿಮಾಲಯಕ್ಕೆ ಕಾಲದ ಕೊರತೆಯಿಲ್ಲ.

ಎರಡನೆಯ ಸಾಕ್ಷಿ ನಮ್ಮ ಅಡುಗೆಮನೆಯಲ್ಲಿದೆ. ನಾವು ಸೈಂಧವ ಲವಣವೆಂದು ಕರೆಯುವ ನಸುಗೆಂಪು ಉಪ್ಪು ಪಾಕಿಸ್ತಾನದ ಪಂಜಾಬಿನ ಖೇವ್ಡಾ ಗಣಿಯಿಂದ ಬರುತ್ತದೆ. ಅಲ್ ಬಿರೂನಿ ಭೂಮಿಯ ತ್ರಿಜ್ಯವನ್ನು ಅಳೆಯಲು ನಿಂತ ನಂದನ ಕೋಟೆಯೂ ಅದೇ ಉಪ್ಪಿನ ಬೆಟ್ಟಸಾಲಿನಲ್ಲಿದೆ. ಬಿಸಿಲಿನಲ್ಲಿ ಕಡಲನೀರು ಇಂಗಿದಾಗ ಮಾತ್ರ ಅಂಥ ಉಪ್ಪಿನ ಪದರ ಉಂಟಾಗುತ್ತದೆ. ಒಂದು ಕಿಲೋಮೀಟರ್ ಆಳದ ಕಡಲು ಪೂರ್ತಿ ಬತ್ತಿದರೂ ಸಿಗುವ ಉಪ್ಪು ಸುಮಾರು 16 ಮೀಟರ್ ದಪ್ಪ. ಮೆಡಿಟರೇನಿಯನ್ ಸಮುದ್ರದ ತಳದಡಿಯಲ್ಲಿ ಕೆಲವೆಡೆ ಕಿಲೋಮೀಟರಿಗೂ ಮೀರಿದ ದಪ್ಪದ ಉಪ್ಪಿನ ನಿಕ್ಷೇಪವಿದೆ. 1970ರಲ್ಲಿ ಸಂಶೋಧನಾ ನೌಕೆಯೊಂದು ಅದನ್ನು ಕೊರೆದು ನೋಡಿತು. ಅಂದರೆ ಆ ಸಮುದ್ರಕ್ಕೆ ಮತ್ತೆ ಮತ್ತೆ ನೀರು ಬಂದು ಮತ್ತೆ ಮತ್ತೆ ಇಂಗಿರಬೇಕು. ಉಪ್ಪಿನ ಆ ಪದರಗಳ ಕೆಳಗೂ ಮೇಲೂ ಕಡಲ ಹೂಳಿನ ಪದರಗಳಿವೆ. ಜಗತ್ತೆಲ್ಲ ಮುಳುಗಿದ್ದ ಒಂದೇ ವರ್ಷದ ನಡುವೆ ಕಡಲು ಬತ್ತಿ ಉಪ್ಪಾಗುವುದು ಹೇಗೆ? ಉಪ್ಪು ನೀರಿನಲ್ಲಿ ಕರಗುತ್ತದೆಂಬುದು ಮನೆಯ ಮಗುವಿಗೂ ತಿಳಿದಿದೆ.

ಮೂರನೆಯದು ಗೂಡುಗಳ ಸಾಕ್ಷ್ಯ. ಮಧ್ಯಪ್ರದೇಶದ ಧಾರ್ ಜಿಲ್ಲೆಯಲ್ಲಿ 92 ಗೂಡುಗಳಲ್ಲಿದ್ದ ಡೈನೊಸಾರುಗಳ 256 ಮೊಟ್ಟೆಗಳ ಪಳೆಯುಳಿಕೆಗಳನ್ನು ವಿಜ್ಞಾನಿಗಳು 2023ರಲ್ಲಿ ವರದಿ ಮಾಡಿದರು. ತಾಯಿಜೀವಿಗಳು ನೆಲವನ್ನು ಕೆದಕಿ, ಮೊಟ್ಟೆಯಿಟ್ಟು, ಮುಚ್ಚಿದ ಗೂಡುಗಳವು. ಆ ಪದರದ ಕೆಳಗೂ ಪಳೆಯುಳಿಕೆಗಳುಳ್ಳ ಇನ್ನೆಷ್ಟೋ ಪದರಗಳು ಭಾರತದಲ್ಲಿವೆ. ಅವೂ ಪ್ರಳಯದ ಹೂಳೇ ಆಗಿದ್ದರೆ, ಬೆಟ್ಟಗಳನ್ನೇ ಕೊಚ್ಚುವ ಪ್ರವಾಹದ ನಟ್ಟನಡುವೆ ಈ ಪ್ರಾಣಿಗಳು ಸಾವಕಾಶವಾಗಿ ಬಂದು ಒಣನೆಲದಲ್ಲಿ ಗೂಡು ಕಟ್ಟಿದವೆಂದು ನಂಬಬೇಕಾಗುತ್ತದೆ. ಕೆನಡಾದ ಜಾಗಿನ್ಸ್ ಎಂಬಲ್ಲಿ ನೆಟ್ಟಗೆ ನಿಂತ ಮರದ ಪಳೆಯುಳಿಕೆಗಳನ್ನು ಪ್ರಳಯವಾದಿಗಳು ತಮ್ಮ ಪರವಾದ ಪುರಾವೆಯೆಂದು ತೋರಿಸುತ್ತಾರೆ. ಆದರೆ ಅಲ್ಲಿ ಮರಗಳ ಬೇರುಗಳು ಅವು ಬೆಳೆದ ಮಣ್ಣಿನಲ್ಲೇ ಇವೆ. ಅದೂ ಒಂದರ ಮೇಲೊಂದರಂತೆ ಹಲವು ಮಟ್ಟಗಳಲ್ಲಿ. ಒಂದು ಕಾಡು ಬೆಳೆದು, ಹೂತು, ಅದರ ಮೇಲೆ ಇನ್ನೊಂದು ಕಾಡು ಬೆಳೆಯಲು ಒಂದು ವರ್ಷ ಸಾಲದು.

ನಾಲ್ಕನೆಯದು ಪಳೆಯುಳಿಕೆಗಳ ಕ್ರಮ. ಭಾರವಾದವು ಕೆಳಗೆ ಮುಳುಗಿದವು, ಓಡಬಲ್ಲವು ಮೇಲಕ್ಕೆ ಓಡಿದವು, ಆದ್ದರಿಂದಲೇ ಪದರಗಳಲ್ಲಿ ಕ್ರಮ ಕಾಣುತ್ತದೆ ಎಂದು ಅವರು ಹೇಳುತ್ತಾರೆ. ಹಾಗಿದ್ದರೆ ಹೂಬಿಡುವ ಗಿಡಗಳ ಪರಾಗವು ಹಳೆಯ ಕಲ್ಲಿದ್ದಲಿನ ಪದರಗಳಲ್ಲಿ ಏಕಿಲ್ಲ? ಪರಾಗಕ್ಕೆ ಕಾಲುಗಳಿಲ್ಲ, ಅದು ಬೆಟ್ಟ ಹತ್ತಲಾರದು. ಗಾಳಿ ನೀರುಗಳಲ್ಲಿ ಎಲ್ಲೆಡೆ ಹರಡುವ ವಸ್ತು ಅದು. ತಿಮಿಂಗಿಲವೂ ಇಕ್ಥಿಯೊಸಾರ್ ಎಂಬ ಪುರಾತನ ಕಡಲ ಸರೀಸೃಪವೂ ಎರಡೂ ಈಜುವ ದೊಡ್ಡ ಪ್ರಾಣಿಗಳು. ಅವೆರಡೂ ಒಂದೇ ಪದರದಲ್ಲಿ ಒಮ್ಮೆಯೂ ಏಕೆ ಸಿಕ್ಕಿಲ್ಲ? ಜಗತ್ತಿನ ಎಲ್ಲ ಪ್ರಾಣಿಗಳನ್ನು ಒಂದೇ ವರ್ಷದಲ್ಲಿ ಕಲಸಿ ಹೂತ ಪ್ರವಾಹವು ಇಷ್ಟು ಶಿಸ್ತಿನಿಂದ ವಿಂಗಡಿಸಿತೆಂದು ನಂಬಲು ಬೇರೆಯೇ ಬಗೆಯ ಮುಗ್ಧತೆ ಬೇಕು.

ನಮ್ಮ ಕರ್ನಾಟಕದ ಬಂಡೆಗಳೂ ಮೌನವಾಗಿಲ್ಲ. ಚಿತ್ರದುರ್ಗ ಜಿಲ್ಲೆಯ ಮರಡಿಹಳ್ಳಿಯಲ್ಲಿ ದಿಂಬುಗಳನ್ನು ಜೋಡಿಸಿಟ್ಟಂತೆ ಕಾಣುವ ಲಾವಾಶಿಲೆಗಳಿವೆ. ಲಾವಾ ನೀರಿನಡಿಯಲ್ಲಿ ಉಕ್ಕಿದಾಗ ಮಾತ್ರ ಆ ಆಕಾರ ಬರುತ್ತದೆ. ಮಲ್ಪೆಯ ಕಡಲಾಚೆಯ ಸೇಂಟ್ ಮೇರೀಸ್ ದ್ವೀಪದಲ್ಲಿ, ಸುಮಾರು 8.8 ಕೋಟಿ ವರ್ಷಗಳ ಹಿಂದೆ ಲಾವಾ ತಣಿದು ಬಿರಿದು ಕಂಬಗಳಾಗಿ ನಿಂತಿದೆ. ಬೆಳಗಾವಿಯಿಂದ ಬೀದರಿನವರೆಗೆ ಹಾಸಿರುವ ಕಪ್ಪು ಶಿಲೆಯು ಸುಮಾರು 6.6 ಕೋಟಿ ವರ್ಷಗಳ ಹಿಂದೆ ದಖ್ಖನಿನಲ್ಲಿ ಹರಿದ ಲಾವಾ. ಅದು ಒಂದೇ ಬಾರಿ ಹರಿದದ್ದಲ್ಲ. ಒಂದು ಲಾವಾ ಹಾಸಿಗೂ ಇನ್ನೊಂದಕ್ಕೂ ನಡುವೆ ಗಾಳಿಮಳೆಗೆ ಶಿಥಿಲಗೊಂಡ ಕೆಂಪುಮಣ್ಣಿನ ಪದರಗಳಿವೆ, ಸಿಹಿನೀರಿನ ಕೆರೆಗಳ ಹೂಳಿದೆ. ಮುಂಬಯಿಯಲ್ಲಿ ಅಂಥ ಹೂಳಿನೊಳಗೆ ಕಪ್ಪೆಗಳ ಪಳೆಯುಳಿಕೆಗಳು ಸಿಕ್ಕಿವೆ. ಲಾವಾ ಹರಿದು, ತಣಿದು, ಮಣ್ಣಾಗಿ, ಕೆರೆ ತುಂಬಿ, ಕಪ್ಪೆ ವಟಗುಟ್ಟಿ, ಮತ್ತೆ ಲಾವಾ ಹರಿದಿದೆ. ಕಡಲು ಆ ನೆಲದ ಮೇಲೆ ನಿಂತಿದ್ದರೆ ಸಿಹಿನೀರಿನ ಕೆರೆಗೆ ಅಲ್ಲಿ ಜಾಗವೆಲ್ಲಿ? ನೀರು ಇದ್ದಲ್ಲಿ ಇತ್ತೆಂದೂ ಇಲ್ಲದಲ್ಲಿ ಇರಲಿಲ್ಲವೆಂದೂ ಬಂಡೆಗಳು ಹೇಳುತ್ತವೆ. ಮರಡಿಹಳ್ಳಿಯ ಸಾಕ್ಷ್ಯವನ್ನು ಒಪ್ಪಿ ದಖ್ಖನಿನ ಸಾಕ್ಷ್ಯವನ್ನು ತಳ್ಳುವುದು ನ್ಯಾಯವಲ್ಲ.

ಅವರ ತಕರಾರುಗಳು

ವಿಜ್ಞಾನಿಗಳು ಧರ್ಮದ ದ್ವೇಷದಿಂದ ಪ್ರಳಯವನ್ನು ನಿರಾಕರಿಸಿದರು ಎನ್ನಲಾಗುತ್ತದೆ. ಇತಿಹಾಸ ಹೇಳುವುದು ಇದರ ತದ್ವಿರುದ್ಧ. ಇಂಗ್ಲೆಂಡಿನ ವಿಲಿಯಂ ಬಕ್‌ಲ್ಯಾಂಡ್ ಮತ್ತು ಆ್ಯಡಂ ಸೆಜ್‌ವಿಕ್ ಇಬ್ಬರೂ ಪಾದ್ರಿಗಳು, ಇಬ್ಬರೂ ಭೂವಿಜ್ಞಾನಿಗಳು. 1823ರಲ್ಲಿ ಬಕ್‌ಲ್ಯಾಂಡ್ ಪ್ರಳಯದ ಕುರುಹುಗಳ ಬಗ್ಗೆಯೇ ಗ್ರಂಥ ಬರೆದನು. ಆದರೆ ಸಾಕ್ಷ್ಯ ಒಟ್ಟುಗೂಡಿದಂತೆ ಸೆಜ್‌ವಿಕ್ 1831ರಲ್ಲಿ, ಬಕ್‌ಲ್ಯಾಂಡ್ 1836ರಲ್ಲಿ ಆ ನಿಲುವನ್ನು ಬಹಿರಂಗವಾಗಿ ಕೈಬಿಟ್ಟರು. ಡಾರ್ವಿನ್ನನ ಪ್ರಸಿದ್ಧ ಗ್ರಂಥ ಬಂದದ್ದು 1859ರಲ್ಲಿ. ಪ್ರಳಯದ ಭೂವಿಜ್ಞಾನವನ್ನು ಕೈಬಿಟ್ಟವರು ಡಾರ್ವಿನ್ನನ ಅನುಯಾಯಿಗಳಲ್ಲ, ದೇವರನ್ನು ನಂಬಿದ್ದ ಪಾದ್ರಿಗಳು.

ವಿಜ್ಞಾನಿಗಳಿಗೆ ಮಹಾಪ್ರವಾಹವೆಂದರೆ ಅಲರ್ಜಿ ಎಂಬುದು ಇನ್ನೊಂದು ಆರೋಪ. ಅಮೆರಿಕದ ವಾಷಿಂಗ್ಟನ್ ರಾಜ್ಯದ ನೆಲವನ್ನು ಭೀಕರ ಪ್ರವಾಹವೊಂದು ಕೊರೆದಿದೆಯೆಂದು ಜೆ. ಹಾರ್ಲೆನ್ ಬ್ರೆಟ್ಜ್ 1923ರಲ್ಲಿ ಹೇಳಿದಾಗ ಸಹೋದ್ಯೋಗಿಗಳು ವಿರೋಧಿಸಿದ್ದು ನಿಜ. ಆದರೆ ಸಾಕ್ಷ್ಯ ಅವನ ಪರವಾಗಿದ್ದುದರಿಂದ ಕೊನೆಗೆ ಅವರೆಲ್ಲ ಒಪ್ಪಿದರು. 1979ರಲ್ಲಿ ಅವನಿಗೆ ಭೂವಿಜ್ಞಾನದ ಅತ್ಯುನ್ನತ ಗೌರವಗಳಲ್ಲೊಂದಾದ ಪೆನ್‌ರೋಸ್ ಪದಕವನ್ನೂ ಕೊಟ್ಟರು. ನಿಜವಾದ ಮಹಾಪ್ರವಾಹವು ಎಂಥ ಗುರುತು ಬಿಡುತ್ತದೆಂಬುದನ್ನೂ ಆ ಪ್ರಕರಣ ಕಲಿಸಿತು. ಕೊರೆದ ಕಾಲುವೆಗಳು, ದೈತ್ಯ ಮರಳಲೆಗಳು, ಚದುರಿದ ಹೆಬ್ಬಂಡೆಗಳು ಅಂಥ ಗುರುತುಗಳು. ಕಿಲೋಮೀಟರ್ ದಪ್ಪದ ಸುಣ್ಣಕಲ್ಲಾಗಲಿ ಉಪ್ಪಾಗಲಿ ಅವುಗಳಲ್ಲಿಲ್ಲ.

ಇನ್ನು ವಯಸ್ಸಿನ ಲೆಕ್ಕ. ಬಂಡೆಗಳ ವಯಸ್ಸನ್ನು ಹೇಳುವ ವಿಕಿರಣ ವಿಧಾನಗಳೇ ಸುಳ್ಳೆಂದು ತೋರಿಸಲು ಅಮೆರಿಕದ ಪ್ರಳಯವಾದಿಗಳು 1997ರಿಂದ 2005ರವರೆಗೆ ತಮ್ಮದೇ ಹಣದಲ್ಲಿ ತಮ್ಮದೇ ಸಂಶೋಧಕರಿಂದ ಒಂದು ಯೋಜನೆ ನಡೆಸಿದರು. ಫಲಿತಾಂಶವೇನು? ಇಂದಿನ ವೇಗದಲ್ಲಿ 50 ಕೋಟಿ ವರ್ಷಗಳಿಗೂ ಹೆಚ್ಚು ಕಾಲ ಬೇಕಾಗುವಷ್ಟು ವಿಕಿರಣ ಕ್ಷಯವು ಬಂಡೆಗಳಲ್ಲಿ ನಡೆದಿದೆಯೆಂದು ಅವರೇ ಒಪ್ಪಿಕೊಳ್ಳಬೇಕಾಯಿತು. ಆ ಕ್ಷಯವು ಪ್ರಳಯದ ಕಾಲದಲ್ಲಿ ಅತಿವೇಗದಿಂದ ನಡೆದಿರಬೇಕೆಂದು ಅವರು ಊಹಿಸಿದರು. ಅಂಥ ವೇಗದಲ್ಲಿ ಹೊಮ್ಮುವ ಶಾಖವು ಬಂಡೆಗಳನ್ನೇ ಕರಗಿಸುವಷ್ಟಾಗುತ್ತದೆ. ಅದು ಎಲ್ಲಿ ಹೋಯಿತೆಂಬ ಸಮಸ್ಯೆಗೆ ಪರಿಹಾರ ಸಿಕ್ಕಿಲ್ಲವೆಂಬುದನ್ನೂ ಅವರೇ ಬರೆದರು. ಬೆಂಗಳೂರಿನ ಲಾಲ್‌ಬಾಗಿನ ಬಂಡೆಗೆ ಸುಮಾರು 300 ಕೋಟಿ ವರ್ಷ ವಯಸ್ಸೆಂದು ಭೂವಿಜ್ಞಾನಿಗಳು ಹೇಳುವುದು ಇಂಥ ಅಳತೆಗಳ ಆಧಾರದಿಂದಲೇ. ಅಂಟಾರ್ಕ್ಟಿಕದ ಹಿಮವನ್ನು ಕೊರೆದಾಗ ಸಿಕ್ಕ 8 ಲಕ್ಷ ವರ್ಷಗಳ ಅವಿಚ್ಛಿನ್ನ ಪದರಗಳಿಗೆ ವಿಕಿರಣದ ಹಂಗೂ ಬೇಡ. ಜಗತ್ತೆಲ್ಲ ಮುಳುಗಿದ್ದರೆ ಆ ಹಿಮವು ತೇಲಿ ಒಡೆದುಹೋಗಬೇಕಿತ್ತು.

ನಮ್ಮಲ್ಲಿ ಹಂಚಿಕೆಯಾಗುವ ಸಾಹಿತ್ಯದ ಅಸಂಗತಿಯನ್ನೂ ಗಮನಿಸಿ. ಹಾರೂನ್ ಯಹ್ಯಾ ಹೆಸರಿನಲ್ಲಿ ಬಂದ ದೊಡ್ಡ 'ಸೃಷ್ಟಿಯ ಅಟ್ಲಾಸ್' ಗ್ರಂಥವು ಕೋಟ್ಯಂತರ ವರ್ಷಗಳ ಹಿಂದಿನ ಪಳೆಯುಳಿಕೆಗಳನ್ನು ತೋರಿಸಿ, ಜೀವಿಗಳು ಅಂದಿನಿಂದ ಬದಲಾಗಿಲ್ಲ ಎಂದು ವಾದಿಸುತ್ತದೆ. ಪ್ರಳಯದ ವೀಡಿಯೊಗಳು ಎಲ್ಲ ಪಳೆಯುಳಿಕೆಗಳೂ ಸುಮಾರು 4,500 ವರ್ಷಗಳಷ್ಟೇ ಹಳೆಯವು ಎನ್ನುತ್ತವೆ. ಎರಡರಲ್ಲಿ ಒಂದಂತೂ ಸುಳ್ಳಾಗಿರಲೇಬೇಕು. ಆದರೂ ಒಂದೇ ಕೈ ಎರಡನ್ನೂ ಒಂದೇ ದಿನ ಮುಂದಕ್ಕೆ ಕಳುಹಿಸುತ್ತದೆ. ಇದು ಸತ್ಯಾನ್ವೇಷಣೆಯಲ್ಲ, ಎದುರಾಳಿಗೆ ಎಸೆಯಲು ಸಿಕ್ಕ ಕಲ್ಲನ್ನೆಲ್ಲ ಆರಿಸಿಕೊಳ್ಳುವ ಚಪಲ.

ಪ್ರವಾದಿ(ಸ)ರ ಮಾದರಿ

ಪ್ರವಾದಿ ಮುಹಮ್ಮದ್(ಸ)ರ ಪುಟ್ಟ ಮಗ ಇಬ್ರಾಹೀಮ್ ತೀರಿಕೊಂಡ ದಿನ ಸೂರ್ಯಗ್ರಹಣವಾಯಿತು. ಮಗುವಿನ ಮರಣಕ್ಕೆ ಸೂರ್ಯನೂ ಮಂಕಾದನೆಂದು ಜನರು ಆಡಿಕೊಂಡರು. ಆ ಮಾತನ್ನು ಹಾಗೆಯೇ ಬಿಟ್ಟಿದ್ದರೆ ಮದೀನಾದಲ್ಲಿ ಪ್ರವಾದಿ(ಸ)ರ ಮಹಿಮೆ ಹೆಚ್ಚುತ್ತಿತ್ತು, ದುರ್ಬಲ ವಿಶ್ವಾಸಿಗಳ ನಂಬಿಕೆ ಗಟ್ಟಿಯಾಗುತ್ತಿತ್ತು ಎಂದು ಇಂದಿನ ಕೆಲವರು ಲೆಕ್ಕ ಹಾಕುತ್ತಿದ್ದರೇನೋ. ಪ್ರವಾದಿ(ಸ)ರು ಹಾಗೆ ಮಾಡಲಿಲ್ಲ. ಮಗುವನ್ನು ಕಳೆದುಕೊಂಡ ದುಃಖದ ನಡುವೆಯೂ ಅವರು ಜನರ ಮುಂದೆ ನಿಂತು, ಸೂರ್ಯ ಚಂದ್ರರು ಅಲ್ಲಾಹನ ದೃಷ್ಟಾಂತಗಳು, ಯಾರ ಹುಟ್ಟು ಸಾವುಗಳಿಗೂ ಅವುಗಳಿಗೆ ಗ್ರಹಣ ಹಿಡಿಯುವುದಿಲ್ಲ ಎಂದು ತಿದ್ದಿದರು. ತಮ್ಮದೇ ಪರವಾಗಿದ್ದ ಸುಳ್ಳು ಪುರಾವೆಯನ್ನು ತಮ್ಮ ಕೈಯಾರೆ ಹೊಸಕಿಹಾಕಿದ ಪ್ರವಾದಿಯ ಸಮುದಾಯ ನಾವು. ಧರ್ಮಕ್ಕೆ ಅನುಕೂಲವೆಂಬ ಒಂದೇ ಕಾರಣಕ್ಕೆ ಸುಳ್ಳು ಪುರಾವೆಯನ್ನು ಸಾಕುವ ಅಧಿಕಾರ ನಮಗೆ ಎಲ್ಲಿಂದ ಬಂತು?

ಇಮಾಮ್ ಗಝ್ಝಾಲಿ(ರ) ತತ್ವಜ್ಞಾನಿಗಳನ್ನು ಖಂಡಿಸಲೆಂದೇ ಬರೆದ ಗ್ರಂಥದ ಪೀಠಿಕೆಯಲ್ಲಿ ಇದೇ ಗ್ರಹಣದ ಉದಾಹರಣೆ ಕೊಟ್ಟು ಎಚ್ಚರಿಸಿದರು. ಲೆಕ್ಕದಿಂದ ಸಾಬೀತಾದ ವಿಷಯವನ್ನು ಧರ್ಮದ ಹೆಸರಿನಲ್ಲಿ ಅಲ್ಲಗಳೆಯುವವನು ಧರ್ಮಕ್ಕೇ ಹಾನಿ ಮಾಡುತ್ತಾನೆ. ಲೆಕ್ಕ ಬಲ್ಲವನು ತನ್ನ ಲೆಕ್ಕವನ್ನು ಸಂಶಯಿಸುವುದಿಲ್ಲ, ಧರ್ಮವನ್ನೇ ಸಂಶಯಿಸುತ್ತಾನೆ ಎಂಬುದು ಅವರ ವಾದದ ಸಾರ. ಒಂಬೈನೂರು ವರ್ಷಗಳ ಹಿಂದಿನ ಈ ಎಚ್ಚರಿಕೆ ನಮ್ಮ ಮನೆಗಳಿಗೇ ಬರೆದಂತಿದೆ. ಹತ್ತನೆಯ ತರಗತಿಯಲ್ಲಿ ಓದುತ್ತಿರುವ ನಮ್ಮ ಮಗಳಿಗೆ, ಪಳೆಯುಳಿಕೆಗಳ ವಯಸ್ಸನ್ನು ಒಪ್ಪಿದರೆ ನೂಹ್(ಅ)ರನ್ನು ನಿರಾಕರಿಸಿದಂತೆ ಎಂದು ನಾವು ಹೇಳಿದೆವೆಂದು ಭಾವಿಸಿ. ನಾಳೆ ಅವಳು ಕಾಲೇಜಿಗೆ ಹೋಗುತ್ತಾಳೆ. ಬಂಡೆಯನ್ನು ಕೈಯಲ್ಲಿ ಹಿಡಿಯುತ್ತಾಳೆ, ಪದರ ಎಣಿಸುತ್ತಾಳೆ, ಅಳತೆ ಕಲಿಯುತ್ತಾಳೆ. ಬಂಡೆಯು ಅವಳಿಗೆ ಸುಳ್ಳು ಹೇಳುವುದಿಲ್ಲ. ಆಗ ಅವಳು ಬಂಡೆಯನ್ನು ಬಿಡುತ್ತಾಳೋ ನಮ್ಮ ಮಾತನ್ನು ಬಿಡುತ್ತಾಳೋ? ನಮ್ಮ ಮಾತಿನ ಜೊತೆಗೆ ಅವಳು ಇನ್ನೇನನ್ನು ಬಿಟ್ಟುಬಿಡಬಹುದೆಂಬುದನ್ನು ಹೆತ್ತವರು ಯೋಚಿಸಬೇಕು. ಅಲ್ಲಾಹನು ಕೇಳದ ಆಯ್ಕೆಯನ್ನು ಅವಳ ಮುಂದಿಟ್ಟವರು ನಾವೇ ಆಗಿರುತ್ತೇವೆ.

ಇತ್ತ, ಬಂಡೆಗಳನ್ನು ತೋರಿಸಿ ನೂಹ್(ಅ)ರ ವೃತ್ತಾಂತವನ್ನೇ ಗೇಲಿ ಮಾಡುವವರಿಗೂ ಒಂದು ಮಾತು. ಜಗದ ಶಿಲೆಗಳೆಲ್ಲ ಒಂದೇ ಪ್ರಳಯದ ಸೃಷ್ಟಿಯಲ್ಲವೆಂದು ಭೂವಿಜ್ಞಾನ ತೋರಿಸುತ್ತದೆ, ಅಷ್ಟೇ. ಒಬ್ಬ ಪ್ರವಾದಿ ಒಂದು ಜನಾಂಗವನ್ನು ಎಚ್ಚರಿಸಲಿಲ್ಲವೆಂದಾಗಲಿ, ಆ ಜನಾಂಗ ಮುಳುಗಲಿಲ್ಲವೆಂದಾಗಲಿ ತೋರಿಸುವ ಯಾವ ಶಿಲೆಯೂ ಇಲ್ಲ. ಪುರಾತನ ಇರಾಕಿನ ನಗರಗಳ ಉತ್ಖನನದಲ್ಲಿ ಬೇರೆ ಬೇರೆ ಕಾಲದ ಭಾರೀ ನೆರೆಗಳ ಹೂಳು ಕಂಡಿದೆ. ಅದನ್ನು ಹಿಡಿದು ಇದೇ ಆ ಪ್ರಳಯವೆಂದು ಘೋಷಿಸುವ ಆತುರವೂ ನಮಗೆ ಬೇಡ. ನಮ್ಮ ವಿಶ್ವಾಸ ನಿಂತಿರುವುದು ವಹ್ಯ್‌ನ ಮೇಲೆ, ಹೂಳಿನ ಮೇಲಲ್ಲ.

ನೂಹ್(ಅ)ರ ವೃತ್ತಾಂತವನ್ನು ಕುರ್‌ಆನ್ ನಮಗೆ ಹೇಳಿದ್ದು ಬೆಟ್ಟಗಳ ವಯಸ್ಸನ್ನು ಕಲಿಸಲಿಕ್ಕಲ್ಲ. ಶತಮಾನಗಳ ಕಾಲ ಜನರ ಅಪಹಾಸ್ಯಕ್ಕೆ ಸೋಲದ ತಾಳ್ಮೆಯನ್ನು, ಸಿರಿವಂತಿಕೆಯ ಅಹಂಕಾರದ ಗತಿಯನ್ನು, ಪ್ರವಾದಿಯ ಮಗನಾಗಿದ್ದರೂ ವಂಶವು ಯಾರನ್ನೂ ಉಳಿಸಲಾರದೆಂಬ ಕಟುಸತ್ಯವನ್ನು ಕಲಿಸಲಿಕ್ಕೆ. ಈ ಪಾಠಗಳನ್ನು ಬದಿಗಿಟ್ಟು ಕಪ್ಪೆಚಿಪ್ಪುಗಳ ಲೆಕ್ಕದಲ್ಲಿ ಮುಳುಗಿದವರು ಆ ವೃತ್ತಾಂತವನ್ನು ಎತ್ತಿ ಹಿಡಿದಿಲ್ಲ, ಕಿರಿದುಗೊಳಿಸಿದ್ದಾರೆ. ಅರಿವಿಲ್ಲದ ವಿಷಯದ ಬೆನ್ನು ಹತ್ತಬೇಡಿ, ಕಿವಿ ಕಣ್ಣು ಹೃದಯಗಳನ್ನು ವಿಚಾರಿಸಲಾಗುವುದು ಎಂಬ ಎಚ್ಚರಿಕೆ (ಅಲ್ ಇಸ್ರಾಅ್: 36) ಮೊಬೈಲಿನ ಪರದೆಯನ್ನು ಒತ್ತುವ ಬೆರಳಿಗೂ ಅನ್ವಯಿಸುತ್ತದೆ. ಬೆಟ್ಟಗಳನ್ನು ಸೃಷ್ಟಿಸಿದವನೂ ಗ್ರಂಥವನ್ನು ಅವತೀರ್ಣಗೊಳಿಸಿದವನೂ ಒಬ್ಬನೇ. ಒಂದನ್ನು ರಕ್ಷಿಸಲು ಇನ್ನೊಂದರ ಮೇಲೆ ಸುಳ್ಳು ಹೊರಿಸಬೇಕಾದ ಅಗತ್ಯ ಸತ್ಯವಿಶ್ವಾಸಿಗೆ ಎಂದಿಗೂ ಬೀಳದು.